ಮೂಗಿನೊಳಗಿನ ಗಡ್ಡೆ: ತಾನಾಗೇ ಕರಗುತ್ತಾ?

ಹದಿನಾಲ್ಕರ ಹುಡುಗ. ಮೂಗಿನ ಒಂದೇ ಹೊಳ್ಳೆ ಸದಾ ಕಟ್ಟಿರುತ್ತೆ, ಆಗಾಗ ಅದರಿಂದಲೇ ರಕ್ತ ಸುರಿಯುತ್ತೆ. ಮನೆಯಲ್ಲಿ ಏನಂತಾರೆ? 'ಉಷ್ಣ ಆಗಿದೆ, ಎಳನೀರು ಕೊಡಿ.' ಬಹಳ ಸಲ ಮೂಗಿನ ರಕ್ತ ಸಣ್ಣ ವಿಷಯವೇ. ಆದರೆ ಹದಿಹರೆಯದ ಗಂಡುಮಕ್ಕಳಲ್ಲಿ ಈ ಎರಡೂ ಲಕ್ಷಣ ಒಟ್ಟಿಗೆ ಕಂಡರೆ ವೈದ್ಯರಿಗೆ ಒಂದು ಅನುಮಾನ ಬರುತ್ತೆ: ಆಂಜಿಯೋಫೈಬ್ರೋಮಾ.

ಮೂಗಿನ ಹಿಂಭಾಗದಲ್ಲಿ ಹುಟ್ಟುವ ಅಪರೂಪದ ಗಡ್ಡೆ ಇದು. ಕ್ಯಾನ್ಸರ್ ಅಲ್ಲ. ಹಾಗಂತ ಸಾಧುವೂ ಅಲ್ಲ! ನಿಧಾನಕ್ಕೆ ಬೆಳೆದು ಕಣ್ಣಿನ ಗೂಡು, ತಲೆಬುರುಡೆಯ ತಳದವರೆಗೂ ದಾರಿ ಮಾಡಿಕೊಳ್ಳಬಲ್ಲದು. ಗಡ್ಡೆಯ ತುಂಬ ರಕ್ತನಾಳಗಳು. ಆದರೆ ಅವುಗಳ ಗೋಡೆಯಲ್ಲಿ ಬಿಗಿಹಿಡಿದು ರಕ್ತ ನಿಲ್ಲಿಸುವ ಸ್ನಾಯು ಸರಿಯಾಗಿ ಇರಲ್ಲ. ನಲ್ಲಿ ಇದೆ, ತಿರುಪು ಇಲ್ಲ ಅಂದ್ಕೊಳ್ಳಿ. ಅದಕ್ಕೇ ಪರೀಕ್ಷೆಗೆಂದು ಚೂರು ಕತ್ತರಿಸುವುದೂ ಅಪಾಯ. ಸಿಟಿ, ಎಂಆರ್‌ಐ ಸ್ಕ್ಯಾನ್‌ನಲ್ಲೇ ಗುರುತಿಸುತ್ತಾರೆ.

'ವಯಸ್ಸು ದಾಟಿದರೆ ತಾನಾಗೇ ಕರಗುತ್ತಂತಲ್ಲ ಸಾರ್?' ಈ ಮಾತು ಪೂರ್ತಿ ಸುಳ್ಳಲ್ಲ. ಹದಿಹರೆಯ ಮುಗಿದ ಮೇಲೆ ಗಡ್ಡೆ, ಅಥವಾ ಆಪರೇಷನ್ ನಂತರ ಉಳಿದ ಚೂರು, ಕುಗ್ಗಿದ ಪ್ರಕರಣಗಳಿವೆ. ಆದರೆ ಯಾರದ್ದು ಕುಗ್ಗುತ್ತೆ, ಯಾವಾಗ ಕುಗ್ಗುತ್ತೆ ಅಂತ ಮೊದಲೇ ಹೇಳಲು ಆಗಲ್ಲ. ಕಾಯುತ್ತಾ ಕೂತರೆ ದೃಷ್ಟಿಗೆ ಕುತ್ತು ಬರಬಹುದು, ರಕ್ತಸ್ರಾವ ಪ್ರಾಣಕ್ಕೇ ಮುಳುವಾಗಬಹುದು.

ಸಾಮಾನ್ಯವಾಗಿ, ಗಡ್ಡೆಗೆ ರಕ್ತ ಒದಗಿಸುವ ನಾಳವನ್ನು ಮೊದಲು ಒಳಗಿನಿಂದ ಮುಚ್ಚುತ್ತಾರೆ. ಒಂದೆರಡು ದಿನದಲ್ಲಿ ಎಂಡೋಸ್ಕೋಪ್ ಬಳಸಿ ಮೂಗಿನ ಮೂಲಕವೇ ಗಡ್ಡೆ ತೆಗೆಯುತ್ತಾರೆ. ಮತ್ತೆ ಬೆಳೆಯಬಹುದಾದ್ದರಿಂದ ಆಮೇಲೂ ಸ್ಕ್ಯಾನ್ ತಪ್ಪಿಸುವಂತಿಲ್ಲ.

ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿ, ಅದರಿಂದಲೇ ರಕ್ತ ಬರ್ತಿದ್ರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಗಡ್ಡೆ ಚಿಕ್ಕದಿದ್ದಾಗ ಆಪರೇಷನ್ನೂ ಚಿಕ್ಕದು.