ಹಂಪಿಯ ಬಜಾರುಗಳು

ಸಂತೆ ಅಂದರೆ ನಮಗೆ ಟೊಮೇಟೊ, ಅವರೆಕಾಯಿ ರಾಶಿ ನೆನಪಾಗುತ್ತದೆ. ಆದರೆ ಮುತ್ತು, ಮಾಣಿಕ್ಯಗಳನ್ನು ಬೀದಿಯಲ್ಲೇ ಇಟ್ಟು ಮಾರುತ್ತಿದ್ದ ಪಟ್ಟಣ ನಮ್ಮ ಕರ್ನಾಟಕದಲ್ಲೇ ಇತ್ತು. ಅದೇ ವಿಜಯನಗರ, ಈಗಿನ ಹಂಪಿ.

ಅಲ್ಲಿ ದೊಡ್ಡ ದೇವಸ್ಥಾನಗಳ ಮುಂದೆ ಒಂದೊಂದು ಬಜಾರು ಇತ್ತು. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಬಜಾರುಗಳು ಮುಖ್ಯವಾದವು. ದೇವಸ್ಥಾನದ ಮುಂದೇನೇ ಯಾಕೆ? ತೇರು ಎಳೆಯಲು ಅಗಲವಾದ ಬೀದಿ ಬೇಕು. ತೇರಿಗೆ ಜನ ಸೇರುತ್ತಾರೆ. ಜನ ಸೇರಿದ ಕಡೆ ವ್ಯಾಪಾರ ಆಗುತ್ತದೆ. ಬೀದಿಯ ಎರಡೂ ಕಡೆ ಕಲ್ಲುಕಂಬದ ಮಂಟಪಗಳು. ವಿರೂಪಾಕ್ಷ ಬಜಾರು ಸುಮಾರು ಮುಕ್ಕಾಲು ಕಿಲೋಮೀಟರು ಉದ್ದ ಇದೆ. ಅದರ ಕೊನೆಯಲ್ಲಿ ಎದುರು ಬಸವಣ್ಣ ಕೂತಿದ್ದಾನೆ.

1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಜನಕ್ಕೆ ಊಟದಷ್ಟೇ ಗುಲಾಬಿ ಹೂವೂ ಬೇಕು ಎಂದು ಬರೆದಿದ್ದಾನೆ. 1565ರ ತಾಳಿಕೋಟೆ ಯುದ್ಧದ ನಂತರ ಪಟ್ಟಣ ಹಾಳಾಯಿತು.

ಬಹಳ ಕಾಲದ ಮೇಲೆ ಕೆಲವು ಕುಟುಂಬಗಳು ಆ ಮಂಟಪಗಳಲ್ಲೇ ಮನೆ, ಅಂಗಡಿ, ಹೋಟೆಲು ಮಾಡಿಕೊಂಡವು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಮಾರಕ ಉಳಿಸಬೇಕೆಂದು 2011ರಲ್ಲಿ ಆ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿದರು.

ಕಲ್ಲು ಉಳಿಯಬೇಕು, ನಿಜ. ಆದರೆ ಬಜಾರು ಅಂದರೆ ಬರೀ ಕಲ್ಲೇ? ಮಾರೋರು, ಕೊಳ್ಳೋರು ಇದ್ದರೇ ತಾನೇ ಬಜಾರು! ಎಬ್ಬಿಸಿದವರಿಗೆ ಹತ್ತಿರದಲ್ಲೇ ಒಳ್ಳೆ ಜಾಗ ಕೊಟ್ಟರೆ ಎರಡೂ ಉಳಿಯುತ್ತವೆ ಅಂತ ನನಗನ್ನಿಸುತ್ತದೆ.

ಗೆಳೆಯರೇ, ಪ್ರವಾಸ ಹೋದರೆ ಕಂಬದ ಮೇಲೆ ಹೆಸರು ಗೀಚಬೇಡಿ. ಬೀದಿ ಬದಿ ಕೂತ ಅಜ್ಜಿ ಹತ್ತಿರ ಒಂದು ಚಿಪ್ಪು ಬಾಳೆಹಣ್ಣು ಕೊಂಡುಕೊಳ್ಳಿ.