ರೆಕ್ಕೆಯ ಗಾಡಿಯಲ್ಲಿ ನಾಯಿಗೊಂದು ಜಾಗ

1949ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಪದಕ ಪ್ರದಾನ ನಡೆಯಿತು. ಪದಕ ತೊಡಿಸಿದವರು ಫೀಲ್ಡ್ ಮಾರ್ಷಲ್ ವೇವೆಲ್. ಅದಕ್ಕೆ ಎರಡು ವರ್ಷ ಮುಂಚಿನವರೆಗೂ ದೆಹಲಿಯಲ್ಲಿ ಕೂತು ನಮ್ಮನ್ನು ಆಳಿದ ವೈಸರಾಯ್ ಅವರೇ. ತೊಡಿಸಿಕೊಂಡದ್ದು ಆಂಟಿಸ್ ಎಂಬ ಅಲ್ಸೇಷಿಯನ್ ನಾಯಿ. ಪ್ರಾಣಿಗಳ ವಿಕ್ಟೋರಿಯಾ ಕ್ರಾಸ್ ಎಂದು ಹೆಸರಾದ ಡಿಕಿನ್ ಪದಕ ಅದು. ಎರಡನೇ ಮಹಾಯುದ್ಧದಲ್ಲಿ ಆಂಟಿಸ್ ತನ್ನ ಒಡೆಯನ ಜೊತೆ ಮೂವತ್ತಕ್ಕೂ ಹೆಚ್ಚು ಸಲ ಬಾಂಬರ್ ವಿಮಾನದಲ್ಲಿ ಹಾರಿತ್ತು.

ನಮ್ಮ ರಾವಂದೂರಿನ ಕಡೆ ನಾಯಿ ಸಾಕಿದವರು ಅದನ್ನು ಕಟ್ಟಿಹಾಕಿ ಹೊರಗೆ ಹೋಗುವುದು ಕಡಿಮೆ. ಹೊಲಕ್ಕೆ ಹೊರಟರೆ ಮೊಪೆಡ್ಡಿನ ಮುಂದೆ ಅದೂ ನಿಂತಿರುತ್ತದೆ, ಪಿರಿಯಾಪಟ್ಟಣದ ಸಂತೆಗೆ ಪಿಕಪ್ ಹೊರಟರೆ ಹಿಂದೆ ಹತ್ತಿಕೊಳ್ಳುತ್ತದೆ. ವಿಮಾನ ಇಟ್ಟುಕೊಂಡವರಿಗೂ ಅದೇ ಆಸೆ ಬರುವುದು ಸಹಜ. ಆದರೆ ಪಿಕಪ್ಪಿನಲ್ಲಿ ನಾಯಿಗೆ ಹೆದರಿಕೆಯಾದರೆ ಗಾಡಿ ನಿಲ್ಲಿಸಬಹುದು. ಆರು ಸಾವಿರ ಅಡಿ ಮೇಲೆ ನಿಲ್ಲಿಸುವುದು ಎಲ್ಲಿ? ಈ ಪ್ರಶ್ನೆಗೆ ಮನುಷ್ಯ ಉತ್ತರ ಕಂಡುಕೊಳ್ಳಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಅದರ ಬೆಲೆಯನ್ನು ಬಹುಪಾಲು ಪ್ರಾಣಿಗಳೇ ತೆತ್ತವು.

ಮೊದಮೊದಲು ಪ್ರಾಣಿಯನ್ನು ಆಕಾಶಕ್ಕೆ ಕಳಿಸಿದ್ದು ಪರೀಕ್ಷೆಗೆ. 1783ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಮುಂದೆ ಮೋಂಗೋಲ್ಫಿಯೇ ಸಹೋದರರ ಬಿಸಿಗಾಳಿ ಬಲೂನಿನಲ್ಲಿ ಒಂದು ಕುರಿ, ಒಂದು ಬಾತು, ಒಂದು ಹುಂಜ ಹಾರಿದವು. ಅವು ಬದುಕಿ ಇಳಿದ ಮೇಲೆ ಮನುಷ್ಯ ಧೈರ್ಯ ಮಾಡಿದ. ಎರಡು ವರ್ಷ ಕಳೆದು ಬ್ಲಾಂಷಾರ್ ಎಂಬ ಬಲೂನುಗಾರ ಪ್ಯಾರಾಚೂಟ್ ಪ್ರಯೋಗಕ್ಕೆ ನಾಯಿಯನ್ನು ಕೆಳಗೆ ಬಿಟ್ಟ. ವಿಮಾನ ಬಂದಮೇಲೆ ಪ್ರಾಣಿ ಮೋಜಿನ ವಸ್ತುವಾಯಿತು. 1909ರಲ್ಲಿ ಇಂಗ್ಲೆಂಡಿನ ಮೂರ್-ಬ್ರಾಬಜಾನ್, ಹಂದಿಗಳೂ ಹಾರಬಲ್ಲವು ಎಂದು ತೋರಿಸಲು ಬುಟ್ಟಿಯಲ್ಲಿ ಹಂದಿಮರಿ ಕೂರಿಸಿ ರೆಕ್ಕೆಯ ಕಂಬಕ್ಕೆ ಕಟ್ಟಿಕೊಂಡು ಹಾರಿದರು.

ಒಂದು ಬದಲಾವಣೆ 1930ರಲ್ಲಿ ಕಾಣುತ್ತದೆ. ಅಮೆರಿಕದ ರೇಸ್ ಪೈಲಟ್ ರೋಸ್ಕೋ ಟರ್ನರ್ ಗಿಲ್ಮೋರ್ ಎಂಬ ಸಿಂಹದ ಮರಿಯನ್ನು ಜೊತೆಗೆ ಹಾರಿಸಿಕೊಂಡು ತಿರುಗುತ್ತಿದ್ದರು. ಎಣ್ಣೆ ಕಂಪನಿಯ ಪ್ರಚಾರಕ್ಕೆ ಮಾಡಿದ್ದು, ಮೆಚ್ಚುವಂಥದ್ದಲ್ಲ. ಆದರೂ ಪ್ರಾಣಿದಯಾ ಸಂಘದವರ ಒತ್ತಾಯಕ್ಕೆ ಆ ಮರಿಗೆಂದೇ ಪ್ಯಾರಾಚೂಟ್ ಹೊಲಿಸಬೇಕಾಯಿತು. ಪೈಲಟ್ಟನಿಗೆ ಇರುವ ರಕ್ಷಣೆ ಪಕ್ಕದಲ್ಲಿ ಕೂತ ಮೂಕಜೀವಕ್ಕೂ ಬೇಕು ಎಂದು ಯಾರೋ ಕೇಳಿದರಲ್ಲ, ನನಗೆ ಆ ಕೇಳಿಕೆ ದೊಡ್ಡದಾಗಿ ಕಾಣುತ್ತದೆ.

ಆಂಟಿಸ್‌ನ ಕಥೆಯಲ್ಲಿ ಆ ಕಾಳಜಿ ಇನ್ನಷ್ಟು ಮುಂದಕ್ಕೆ ಹೋಯಿತು. ಒಡೆಯ ವಾಕ್ಲಾವ್ ರಾಬರ್ಟ್ ಬೊಜ್ಡೆಕ್, ಚೆಕ್ ದೇಶದ ವಾಯುಯೋಧ. 1940ರಲ್ಲಿ ಫ್ರಾನ್ಸಿನಲ್ಲಿ ವಿಮಾನ ಕೆಳಗುರುಳಿದಾಗ ಪಾಳುಬಿದ್ದ ತೋಟದಮನೆಯಲ್ಲಿ ಈ ಮರಿ ಸಿಕ್ಕಿತ್ತು. ಬ್ರಿಟಿಷ್ ವಾಯುಪಡೆಯ 311ನೇ ತುಕಡಿ ಸೇರಿದ ಮೇಲೆ ಒಡೆಯ ಹಾರಿಹೋದಾಗಲೆಲ್ಲ ನಾಯಿ ನೆಲದಲ್ಲಿ ಕಾಯುತ್ತಿತ್ತು. ಒಂದು ರಾತ್ರಿ ವೆಲಿಂಗ್ಟನ್ ಬಾಂಬರ್ ಒಳಗೆ ತಾನೇ ನುಸುಳಿ ಕೂತಿತು. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲದ ವಿಮಾನ. ಮೇಲೇರಿದಂತೆ ನಾಯಿ ಏದುಸಿರು ಬಿಡತೊಡಗಿದಾಗ ಬೊಜ್ಡೆಕ್ ತನ್ನ ಆಮ್ಲಜನಕದ ಮುಖವಾಡವನ್ನೇ ಬಿಚ್ಚಿ ಅದರ ಮೂತಿಗೆ ಹಿಡಿದ, ತಾನೊಂದಿಷ್ಟು ಅದೊಂದಿಷ್ಟು ಉಸಿರಾಡಿದರು ಎಂದು ಆ ತುಕಡಿಯ ಕಥೆಗಳು ಹೇಳುತ್ತವೆ. ಆಮೇಲೆ ನಾಯಿಯ ಮೂತಿಯ ಅಳತೆಗೆ ಮುಖವಾಡ ಮಾಡಿಸಿದರು. ವಿಮಾನವಿರೋಧಿ ಗುಂಡಿನ ಚೂರು ತಗುಲಿ ಆಂಟಿಸ್ ಎರಡು ಸಲ ಗಾಯಗೊಂಡಿತು. ಹಾರಾಟ ನಿಂತರೂ ಒಡೆಯನನ್ನು ಅದು ಬಿಡಲಿಲ್ಲ. 1948ರಲ್ಲಿ ಬೊಜ್ಡೆಕ್ ದೇಶ ಬಿಟ್ಟು ಓಡುವಾಗಲೂ ಜೊತೆಗಿತ್ತು.

ನಾಯಿ ಮತ್ತು ಹಾರಾಟ ಎಂದರೆ ನಮ್ಮ ಶಾಲೆಯ ಪಾಠಗಳಲ್ಲಿ ಬರುವುದು ಲೈಕಾ. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಹೋದ ಮಾಸ್ಕೋದ ಬೀದಿನಾಯಿ ಬಿಸಿಯೇರಿ ಕೆಲವೇ ಗಂಟೆಗಳಲ್ಲಿ ಸತ್ತಿತ್ತೆಂಬುದು ಜಗತ್ತಿಗೆ ತಿಳಿದದ್ದು 2002ರಲ್ಲಿ. ಆ ಸಾವನ್ನು ನಾನು ಸಾಧನೆಯ ಲೆಕ್ಕಕ್ಕೆ ಸೇರಿಸಲಾರೆ. ಆದರೆ ನಾಯಿಯನ್ನು ಮುಚ್ಚಿದ ಜಾಗದಲ್ಲಿ ಮೇಲಕ್ಕೆ ಒಯ್ಯುವ ಯಾರೇ ಆಗಲಿ ಶಾಖದ ವಿಷಯದಲ್ಲಿ ಅವಳನ್ನು ನೆನೆಯಬೇಕು. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಬಿಸಿಲಲ್ಲಿ ನಿಂತ ಸಣ್ಣ ವಿಮಾನದ ಗಾಜಿನ ಕೋಣೆ ಕಾದ ಬಾಣಲೆ. ಎಂಜಿನ್ ಹಚ್ಚುವ ಹೊತ್ತಾಗುವವರೆಗೆ ನಾಯಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕಬಾರದು.

ಲೈಕಾ ಹಾರಿದ ಹೊತ್ತಿಗೆ ಕರ್ನಾಟಕದಲ್ಲಿಯೂ ಸಣ್ಣ ವಿಮಾನ ಹುಟ್ಟುತ್ತಿತ್ತು. ಬೆಂಗಳೂರಿನ ಎಚ್‌ಎಎಲ್ ಮಾಡಿದ ಪುಷ್ಪಕ್ ಮೊದಲು ಹಾರಿದ್ದು 1958ರ ಸೆಪ್ಟೆಂಬರಿನಲ್ಲಿ. ಎರಡೇ ಆಸನ, 90 ಅಶ್ವಶಕ್ತಿಯ ಎಂಜಿನ್. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಇದರಲ್ಲಿ ಕಲಿತರು. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವ ಆ ವಿಮಾನದಲ್ಲಿ ನಾಯಿಯ ಮಾತೇ ಏಳುವಂತಿರಲಿಲ್ಲ. ಮಾತು ಏಳುವುದು ನಾಲ್ಕು ಆಸನದ ಸೆಸ್ನಾ 172ರಂಥ ವಿಮಾನ ಬಂದಾಗ. ಹಿಂದಿನ ಸೀಟು ಖಾಲಿ ಇದೆಯಲ್ಲ ಅನ್ನಿಸುತ್ತದೆ.

ಖಾಲಿ ಸೀಟು ಇದ್ದಮಾತ್ರಕ್ಕೆ ತೂಕಕ್ಕೆ ಜಾಗ ಇದೆಯೆಂದಲ್ಲ. ಸೆಸ್ನಾ 172 ಎಸ್ ಮೇಲೇಳಬಹುದಾದ ಗರಿಷ್ಠ ತೂಕ 1,157 ಕಿಲೋ. ವಿಮಾನದ ಸ್ವಂತ ತೂಕ ಕಳೆದು, ಟ್ಯಾಂಕ್ ತುಂಬ ಇಂಧನ ಹಾಕಿದರೆ ಉಳಿಯುವುದು ಸುಮಾರು 250 ಕಿಲೋ. 80 ಕಿಲೋದ ಮೂವರು ಕೂತರೆ ಅಲ್ಲಿಗೆ ಲೆಕ್ಕ ಮುಗಿಯಿತು, 30 ಕಿಲೋದ ಲ್ಯಾಬ್ರಡಾರ್‌ಗೆ ಜಾಗವಿಲ್ಲ. ಒಬ್ಬರು ಇಳಿಯಬೇಕು, ಇಲ್ಲವೇ ಇಂಧನ ಇಳಿಸಬೇಕು. ಮೈಸೂರಿನ ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಏಪ್ರಿಲ್ ಬಿಸಿಲಿಗೆ ಗಾಳಿ ತೆಳುವಾದಾಗ ಅದೇ ವಿಮಾನ ಮೇಲೇಳಲು ಇನ್ನೂ ಉದ್ದ ಓಡಬೇಕು. ಆಗ ಪ್ರತಿ ಕಿಲೋವೂ ಮುಖ್ಯ. ಆದ್ದರಿಂದ ನಾಯಿಯನ್ನು ಅಂದಾಜಿನಲ್ಲಿ ಅಲ್ಲ, ಎತ್ತಿಕೊಂಡು ತೂಕದ ಮಿಷಿನ್ ಮೇಲೆ ನಿಂತು, ನಮ್ಮ ತೂಕ ಕಳೆದು ಬರೆದಿಟ್ಟುಕೊಳ್ಳಬೇಕು.

ತೂಕ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಇದೆ. ಗಾಡಿಯಲ್ಲಿ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಹಿಡಿಯುವುದನ್ನು ನಮ್ಮ ರೈತರು ಬಲ್ಲರು. ವಿಮಾನದಲ್ಲಿಯೂ ಭಾರ ಹಿಂದಕ್ಕೆ ಸರಿದರೆ ಮೂಗು ಮೇಲೇಳುತ್ತದೆ, ಮಿತಿ ಮೀರಿದರೆ ಪೈಲಟ್ಟನ ಹಿಡಿತಕ್ಕೇ ಸಿಗುವುದಿಲ್ಲ. ಕಟ್ಟದೆ ಬಿಟ್ಟ ನಾಯಿ ಸೀಟಿನಿಂದ ಸಾಮಾನಿನ ಗೂಡಿಗೆ, ಅಲ್ಲಿಂದ ಮುಂದಕ್ಕೆ ಅಡ್ಡಾಡಿದರೆ ಆ ಭಾರವೂ ಅಡ್ಡಾಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಹೆದರಿದ ನಾಯಿ ಒಡೆಯನ ತೊಡೆ ಹತ್ತುವುದು. ಕಾಲಬಳಿಯ ಪೆಡಲ್ ಕೆಳಗೆ ತೂರಿಕೊಂಡಿತೆಂದರೆ ಇಳಿಯುವ ಹೊತ್ತಿನಲ್ಲಿ ಅದನ್ನು ಎಳೆದು ತೆಗೆಯಲು ಪೈಲಟ್ಟನಿಗೆ ಮೂರನೆಯ ಕೈ ಇಲ್ಲ.

ಈ ಅನುಭವಗಳೆಲ್ಲ ಒಂದು ಪದ್ಧತಿಯಾಗಿ ಕೂಡಿಕೊಂಡದ್ದರಲ್ಲಿ ಅಮೆರಿಕದ ‘ಪೈಲಟ್ಸ್ ಎನ್ ಪಾಸ್’ ಸಂಸ್ಥೆಯ ಪಾಲು ದೊಡ್ಡದು. ಡೆಬಿ ಬೋಯಿಸ್ ಎಂಬ ಮಹಿಳೆ ದೂರದ ಫ್ಲಾರಿಡಾದಿಂದ ಒಂದು ಡಾಬರ್‌ಮನ್ ತರಿಸಿಕೊಳ್ಳಬೇಕಿತ್ತು. ಜಾನ್ ವೆರೆನ್‌ಬರ್ಗ್ ಎಂಬ ಪೈಲಟ್ ತನ್ನ ವಿಮಾನದಲ್ಲಿಯೇ ತಂದುಕೊಡುತ್ತೇನೆಂದರು. ಆ ಒಂದು ನಾಯಿಯ ನೆಪದಲ್ಲಿ 2008ರಲ್ಲಿ ಇಬ್ಬರೂ ಸಂಸ್ಥೆ ಕಟ್ಟಿದರು. ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಮನೆ ಸಿಗುವ ಊರಿಗೆ ಖಾಸಗಿ ಪೈಲಟ್‌ಗಳು ಸ್ವಂತ ಖರ್ಚಿನಲ್ಲಿ ಮುಟ್ಟಿಸುವುದು ಅದರ ಕೆಲಸ. ಗುರುತಿಲ್ಲದ ನಾಯಿಯನ್ನು ಒಯ್ಯುವಾಗ ‘ನಮ್ಮದು ಸಾಧು’ ಎನ್ನುವ ನಂಬಿಕೆ ನಡೆಯುವುದಿಲ್ಲ. ಹಾಗಾಗಿ ಪಂಜರವನ್ನು ಬೆಲ್ಟಿನಿಂದ ಬಿಗಿಯಬೇಕು, ಇಲ್ಲವೇ ಎದೆಗೆ ಹಾಕುವ ಪಟ್ಟಿಯನ್ನು ಸೀಟಿನ ಬೆಲ್ಟಿಗೆ ಸೇರಿಸಿ ಕಟ್ಟಬೇಕು. ಕೊರಳಪಟ್ಟಿಗೆ ಕಟ್ಟಲೇಬಾರದು. ಗಾಳಿಯ ಹೊಡೆತಕ್ಕೆ ವಿಮಾನ ಒಮ್ಮೆಲೇ ಕುಸಿದಾಗ ಇಡೀ ಮೈಭಾರ ಕುತ್ತಿಗೆಯ ಮೇಲೆ ಬೀಳುತ್ತದೆ. ಇನ್ನು ನಾಯಿ ಸುಮ್ಮನಿರಲೆಂದು ನಿದ್ದೆಯ ಔಷಧ ಕೊಡುವುದನ್ನು ಅಮೆರಿಕದ ಪಶುವೈದ್ಯರ ಸಂಘವೇ ಬೇಡವೆನ್ನುತ್ತದೆ, ಉಸಿರಾಟ ಮತ್ತು ರಕ್ತದೊತ್ತಡ ಕುಗ್ಗುವ ಭಯವಿದೆ.

ಕಿವಿಯ ಮಾತು ತಡವಾಗಿ ಬಂತು, ಮೊದಲೇ ಬರಬೇಕಿತ್ತು. ನಮ್ಮ ಮನೆಯ ನಾಯಿ ಕರಿಯ ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ಒಟ್ಟಿದ ಸೌದೆಯ ಸಂದಿಗೆ ಸೇರಿಕೊಳ್ಳುತ್ತಾನೆ. ಕಿವಿ ತಲೆಗೆ ಅಂಟಿಕೊಂಡಿರುತ್ತದೆ, ಬಾಲ ಹೊಟ್ಟೆಯಡಿ ಹೋಗಿರುತ್ತದೆ, ಎದೆ ಮುಟ್ಟಿದರೆ ಕೈಗೆ ನಡುಕ ಸಿಗುತ್ತದೆ. ಎಳೆದರೂ ಬರುವುದಿಲ್ಲ, ಅನ್ನ ಇಟ್ಟರೂ ಮೂಸುವುದಿಲ್ಲ. ಮನುಷ್ಯನ ಕಿವಿ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದು ಸುಮಾರು 45,000ದವರೆಗೆ. ಸಣ್ಣ ವಿಮಾನದ ಒಳಗಿನ ಸದ್ದಿಗೆ ಪೈಲಟ್ ಹೆಡ್‌ಸೆಟ್ ಹಾಕದೆ ಕೂರುವುದಿಲ್ಲ, ಪಕ್ಕದಲ್ಲಿ ಕರಿಯನಂಥವನು ಬರಿಗಿವಿಯಲ್ಲಿ ಎರಡು ಗಂಟೆ ಕೂರಬೇಕೆಂದರೆ ಅದು ಅನ್ಯಾಯ. ‘ಮಟ್ ಮಫ್ಸ್’ ಎಂಬ ನಾಯಿಯ ಕಿವಿಮುಚ್ಚಳ ಈ ಕೊರತೆಯಿಂದಲೇ ಹುಟ್ಟಿತು. ಅದನ್ನು ಹಾರುವ ದಿನ ತೊಡಿಸಿದರೆ ನಾಯಿ ಕಾಲಿನಿಂದ ಕಿತ್ತೆಸೆಯುತ್ತದೆ. ವಾರಗಟ್ಟಲೆ ಮನೆಯಲ್ಲಿ, ಊಟದ ಹೊತ್ತಿಗೆ ತೊಡಿಸಿ ತೊಡಿಸಿ ರೂಢಿ ಮಾಡಬೇಕು. ಇಳಿಯುವಾಗ ಕಿವಿ ಅದುಮಿದಂತಾಗುವುದು ನಾಯಿಗೂ ಉಂಟು. ನಿಮಿಷಕ್ಕೆ 500 ಅಡಿಗಿಂತ ಬೇಗ ಇಳಿಸದೆ, ಅಗಿಯಲು ಏನಾದರೂ ಕೊಟ್ಟರೆ ನುಂಗಿ ನುಂಗಿ ಸರಿಯಾಗುತ್ತದೆ. ಕಿವಿ ಸೋರುವ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ ವಾಸಿಮಾಡದೆ ಹತ್ತಿಸಬಾರದು.

ಎತ್ತರದ ವಿಷಯದಲ್ಲಿ ಆಂಟಿಸ್ ಕಲಿಸಿದ್ದು ಇಂದಿಗೂ ಸತ್ಯ. ಹತ್ತು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ಸುಮಾರು 70ಕ್ಕೆ ಇಳಿದಿರುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗೇ ಹಾರುವುದು ನಾಯಿಗೆ ಹಿತ. ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ಊರೂರಿಗೂ ಬಂದ ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳು ನೆಲದ ಮೇಲೆಯೇ ಗೊರಗೊರ ಉಸಿರಾಡುತ್ತವೆ. ಅವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಇದು ಪೈಲಟ್ಟನ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. 1937ರ ವಿಮಾನ ನಿಯಮಗಳ 24-ಸಿ ಪ್ರಕಾರ ಪ್ರಾಣಿಯನ್ನು ವಿಮಾನದಲ್ಲಿ ಒಯ್ಯಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಬೇಕು, ಅದಕ್ಕೆ ಷರತ್ತುಗಳೂ ಇವೆ. ಪ್ರಯಾಣಿಕರ ವಿಮಾನಗಳಲ್ಲಿ ಬಾಗಿಲು ನಿಧಾನಕ್ಕೆ ತೆರೆಯುತ್ತಿದೆ, ಆಕಾಸ ಏರ್ 2022ರ ನವೆಂಬರಿನಿಂದ ಸಣ್ಣ ನಾಯಿಗಳನ್ನು ಒಳಗೆ ಬಿಟ್ಟುಕೊಂಡಿತು. ನಮ್ಮದೇ ಮುಧೋಳ ನಾಯಿಗಳಂತೂ ಇನ್ನೊಂದು ದಾರಿಯಲ್ಲಿ ವಿಮಾನದ ಹತ್ತಿರ ಬಂದಿವೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಹೋದ ಮರಿಗಳನ್ನು ವಾಯುಪಡೆಯವರು ಆಗ್ರಾದಲ್ಲಿ ರನ್‌ವೇ ಮೇಲಿನ ಹಕ್ಕಿಗಳನ್ನು ಓಡಿಸಲು ತೆಗೆದುಕೊಂಡರು.

ಹಾರಾಟ ಎಷ್ಟೇ ಸುಸೂತ್ರವಾಗಿದ್ದರೂ ಇಳಿದ ಮೇಲಿನ ಒಂದು ನಿಮಿಷ ತುಂಬ ಎಚ್ಚರ ಬೇಡುತ್ತದೆ. ಸೆಸ್ನಾದ ಬಾಗಿಲಿಂದ ಪ್ರೊಪೆಲ್ಲರಿಗೆ ಕೆಲವೇ ಹೆಜ್ಜೆ. ತಿರುಗುತ್ತಿರುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ, ಕಟ್ಟು ಬಿಚ್ಚಿದ ಖುಷಿಯಲ್ಲಿ ನಾಯಿ ಓಡುವುದು ಮುಂದಕ್ಕೇ. ಎಂಜಿನ್ ಆರಿಸಿ, ಅಲಗು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿ, ಮೊದಲು ಒಬ್ಬರು ಇಳಿದು ಹಗ್ಗ ಕೈಗೆ ಸುತ್ತಿಕೊಳ್ಳಬೇಕು. ಆಮೇಲೆ ಎದೆಪಟ್ಟಿಯನ್ನು ಬೆಲ್ಟಿನಿಂದ ಬಿಡಿಸಿ, ನಾಯಿಯನ್ನು ರೆಕ್ಕೆಯ ಹಿಂಬದಿಯಿಂದ ಆಚೆಗೆ ನಡೆಸಿಕೊಂಡು ಹೋಗಿ ನೀರು ಕೊಡಬೇಕು.