ಮನಶ್ಶಾಸ್ತ್ರದ ಪದವಿ: ಲೋಕದ ನಂಬಿಕೆಗಳೂ ವಸ್ತುಸ್ಥಿತಿಯೂ

ಪಿಯುಸಿ ಫಲಿತಾಂಶ ಪ್ರಕಟವಾಗಿ ಕಾಲೇಜುಗಳ ಪ್ರವೇಶಕಾಲ ಸಮೀಪಿಸಿತೆಂದರೆ, ಯಾವ ವಿಷಯವನ್ನು ಹಿಡಿದರೆ ಯಾವ ದಾರಿ ತೆರೆದೀತೆಂಬ ಸಮಾಲೋಚನೆ ಮನೆಮನೆಯಲ್ಲಿಯೂ ಮೊದಲಾಗುತ್ತದೆ. ಇಂಜಿನಿಯರಿಂಗೂ ವಾಣಿಜ್ಯವೂ ತಮಗೆ ಸಲ್ಲಬೇಕಾದ ಗೌರವವನ್ನು ಪಡೆದಾದ ಮೇಲೆ, ಮನೆಯ ಮಗಳೋ ಮಗನೋ ಮೆಲ್ಲನೆ "ನಾನು ಸೈಕಾಲಜಿ ತೆಗೆದುಕೊಳ್ಳುತ್ತೇನೆ" ಎಂದದ್ದಾದರೆ, ಹಿರಿಯರಲ್ಲಿ ಕುತೂಹಲವೂ ಶಂಕೆಯೂ ಒಮ್ಮೆಗೇ ಮೂಡುವುದುಂಟು. ಮನುಷ್ಯನ ನಡೆನುಡಿಗಳನ್ನು ಅವಲೋಕನ, ಪ್ರಯೋಗ, ಗಣನೆ ಎಂಬ ಮೂರು ಸಾಧನಗಳಿಂದ ಅಭ್ಯಸಿಸುವ ವರ್ತನ ವಿಜ್ಞಾನಗಳಲ್ಲಿ ಮನಶ್ಶಾಸ್ತ್ರವೇ ಪ್ರಧಾನವಾದುದು. ನಮ್ಮ ವಿಶ್ವವಿದ್ಯಾನಿಲಯಗಳು ಅದನ್ನು ಬಿ.ಎ. ಮತ್ತು ಬಿ.ಎಸ್‌ಸಿ. ತರಗತಿಗಳಲ್ಲಿ ಬೋಧಿಸುತ್ತ ಬಂದಿವೆ. ಆದರೂ ಅದರ ವಿಷಯದಲ್ಲಿ ಬೆಳೆದುಬಂದಿರುವ ಭ್ರಮೆಗಳು ಕೆಲವರನ್ನು ಸಲ್ಲದ ಆಸೆಯಿಂದ ಒಳಕ್ಕೆ ಸೆಳೆಯುತ್ತವೆ, ಕೆಲವರನ್ನು ಸಲ್ಲದ ಭಯದಿಂದ ಹೊರಗೇ ನಿಲ್ಲಿಸುತ್ತವೆ. ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ.

ತಪ್ಪು ಕಲ್ಪನೆ 1: ಮನಶ್ಶಾಸ್ತ್ರ ಓದಿದವರು ಎದುರಿಗಿರುವವರ ಮನಸ್ಸನ್ನು ತಿಳಿದುಬಿಡುತ್ತಾರೆ

ಸತ್ಯ: ಈ ವಿಷಯದ ವಿದ್ಯಾರ್ಥಿಗೆ ಮದುವೆಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ತಪ್ಪದೆ ಎದುರಾಗುವ ಮಾತೊಂದುಂಟು: "ಹಾಗಾದರೆ ಈಗ ನಾನೇನು ಯೋಚಿಸುತ್ತಿದ್ದೇನೆ, ಹೇಳು ನೋಡೋಣ." ಅಂಥ ವಿದ್ಯೆಯನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸುವುದಿಲ್ಲ. ಮುಖ ನೋಡಿ ಗುಣವನ್ನು ನಿರ್ಣಯಿಸುವ ನಮ್ಮೆಲ್ಲರ ಅಭ್ಯಾಸವನ್ನು ಸಂಶಯದಿಂದ ಕಾಣುವುದೇ ಈ ಶಾಸ್ತ್ರದ ಆರಂಭದ ಪಾಠಗಳಲ್ಲೊಂದು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರು 1955ರಲ್ಲಿ, ಕೈಯಲ್ಲಿ ಬಿ.ಎ. ಪದವಿಯೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಇಪ್ಪತ್ತೊಂದರ ತರುಣರಾಗಿ, ಇಸ್ರೇಲಿನ ಸೈನ್ಯದಲ್ಲಿ ಹೊಸ ಸೈನಿಕರ ಸಂದರ್ಶನಪದ್ಧತಿಯನ್ನು ತಿದ್ದುವ ಹೊಣೆಯನ್ನು ಹೊತ್ತರು. ಸಂದರ್ಶಕರು ಹುಡುಗನೊಡನೆ ಹದಿನೈದಿಪ್ಪತ್ತು ನಿಮಿಷ ಮಾತನಾಡಿ, ತಮ್ಮ ಮನಸ್ಸಿಗೆ ತೋರಿದಂತೆ 'ಇವನು ಆಗುವನು, ಇವನು ಆಗನು' ಎಂದು ತೀರ್ಪುಕೊಡುತ್ತಿದ್ದ ಕ್ರಮದಿಂದ ಮುಂದಿನ ಸಾಮರ್ಥ್ಯವನ್ನು ಊಹಿಸುವುದು ಸಾಧ್ಯವಾಗುತ್ತಿರಲಿಲ್ಲ. ಕಾನೆಮನ್ ಅವರು ಆರು ಗುಣಗಳನ್ನು ಪ್ರತ್ಯೇಕಿಸಿ, ಒಂದೊಂದಕ್ಕೂ ಹುಡುಗನ ಹಿಂದಿನ ಜೀವನದ ಖಚಿತ ಸಂಗತಿಗಳನ್ನು ಮಾತ್ರ ಕೇಳಿ, ಒಂದೊಂದಕ್ಕೂ ಬೇರೆಬೇರೆಯಾಗಿ ಅಂಕವನ್ನು ಕೊಡುವಂತೆ ವಿಧಿಸಿದರು. ಸಂದರ್ಶಕರು ತಮ್ಮ ಸೂಕ್ಷ್ಮದೃಷ್ಟಿಗೆ ಬೆಲೆಯಿಲ್ಲದಂತಾಯಿತೆಂದು ಗೊಣಗಿದರೂ, ಹೊಸ ಕ್ರಮದ ಊಹೆ ಹಳೆಯದಕ್ಕಿಂತ ಬಹಳ ಮೇಲಾಗಿ ಪರಿಣಮಿಸಿತು. ಪರರ ಮನಸ್ಸು ತಮಗೆ ತಿಳಿಯಿತೆಂಬ ಭರವಸೆಗೆ ಕಡಿವಾಣ ಹಾಕುವುದು ಈ ಶಾಸ್ತ್ರದ ನಿಜವಾದ ಸ್ವಭಾವ.

ತಪ್ಪು ಕಲ್ಪನೆ 2: ಇದು ಹುಚ್ಚಿಗೆ ಸಂಬಂಧಪಟ್ಟ ಓದು

ಸತ್ಯ: ಕರ್ನಾಟಕದಲ್ಲಿ ಈ ನಂಬಿಕೆಗೆ ವಿಶೇಷ ಕಾರಣವೊಂದಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯೇ ಇದ್ದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆದಂದಿನಿಂದ, ಮನಸ್ಸಿಗೆ ಸಂಬಂಧಿಸಿದ ಯಾವ ಮಾತು ಬಂದರೂ ಜನರ ನೆನಪು ಆ ಆಸ್ಪತ್ರೆಯ ಕಡೆಗೇ ಹರಿಯುತ್ತದೆ. ಪದವಿ ತರಗತಿಯಲ್ಲಾದರೋ ಮನೋರೋಗಗಳ ವಿಚಾರ ಅನೇಕ ಪತ್ರಿಕೆಗಳ ನಡುವೆ ಒಂದು ಪತ್ರಿಕೆಯಷ್ಟೆ. ಉಳಿದ ಭಾಗವನ್ನೆಲ್ಲ ಸ್ವಸ್ಥರಾದ ಸಾಮಾನ್ಯ ಜನರು ಹೇಗೆ ಕಾಣುತ್ತಾರೆ, ಕಲಿಯುತ್ತಾರೆ, ಮರೆಯುತ್ತಾರೆ, ಕೋಪಗೊಳ್ಳುತ್ತಾರೆ, ಗುಂಪಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ, ಮಗು ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಗಳು ಆಕ್ರಮಿಸಿರುತ್ತವೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರು ತೆರೆದ ಪ್ರಯೋಗಶಾಲೆ ಈ ಶಾಸ್ತ್ರದ ಜನ್ಮಸ್ಥಾನವೆಂದು ಎಣಿಸಲ್ಪಡುತ್ತದೆ. ಅಲ್ಲಿ ಅಳೆಯುತ್ತಿದ್ದುದು ಸದ್ದೊಂದು ಕಿವಿಗೆ ಬಿದ್ದ ಕ್ಷಣದಿಂದ ಕೈ ಚಲಿಸುವವರೆಗೆ ಕಳೆಯುವ ಕಾಲವೇ ಮೊದಲಾದ ಸಂಗತಿಗಳನ್ನು, ರೋಗಗಳನ್ನಲ್ಲ. ರೋಗದ ಹೊರಗಿನ ಇಂಥ ಕೆಲಸ ನಮ್ಮಲ್ಲಿಯೂ ನಡೆದಿದೆ: ನಮ್ಮ ದೇಶದಲ್ಲಿ ಆರೋಗ್ಯದ ಸಮೀಕ್ಷೆ ಮಾಡುವವರು ಕುಟುಂಬವೊಂದರ ಸ್ಥಿತಿಗತಿಯನ್ನು ಅದರ ಯಜಮಾನನ ವಿದ್ಯೆ, ಉದ್ಯೋಗ ಮತ್ತು ಮನೆಯ ಆದಾಯಗಳಿಂದ ಗೊತ್ತುಮಾಡಲು ಇಂದಿಗೂ ಬಳಸುವ ಮಾನದಂಡವನ್ನು 1976ರಲ್ಲಿ ಪ್ರಕಟಿಸಿದವರು ಬಿ. ಕುಪ್ಪುಸ್ವಾಮಿ ಎಂಬ ಮನಶ್ಶಾಸ್ತ್ರಜ್ಞರು.

ತಪ್ಪು ಕಲ್ಪನೆ 3: ಲೆಕ್ಕಕ್ಕೆ ಅಂಜುವವರಿಗೆ ಇದು ಸುಲಭವಾದ ಕಲಾವಿಷಯ

ಸತ್ಯ: ಈ ಭ್ರಮೆಯನ್ನು ನಂಬಿ ಬಂದವರು ಮೊದಲನೆಯ ವರ್ಷದಲ್ಲಿಯೇ ಪಶ್ಚಾತ್ತಾಪಪಡುತ್ತಾರೆ. ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ, ಎರಡು ಗುಂಪುಗಳ ಅಂತರ ಆಕಸ್ಮಿಕವೋ ನೈಜವೋ ಎಂಬ ಪರೀಕ್ಷೆ, ಇವುಗಳ ಪರಿಚಯವಿಲ್ಲದೆ ಈ ಶಾಸ್ತ್ರದಲ್ಲಿ ಮುಂದೆ ಹೆಜ್ಜೆಯಿಡುವಂತಿಲ್ಲ. ಅದಲ್ಲದೆ ಪ್ರಯೋಗಶಾಲೆಯ ತರಗತಿಗಳೂ ಇರುತ್ತವೆ. ಅಲ್ಲಿ ನಡೆಯುವುದೇನೆಂಬುದಕ್ಕೆ ಒಂದು ನಿದರ್ಶನವನ್ನು ಸಮೀಪದಿಂದ ನೋಡಬಹುದು. 1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಅವರು ಪ್ರಕಟಿಸಿದ ಪ್ರಯೋಗವೊಂದನ್ನು ವಿದ್ಯಾರ್ಥಿಗಳು ಮೇಜಿನ ಎರಡು ಬದಿಗೆ ಇಬ್ಬಿಬ್ಬರಾಗಿ ಕುಳಿತು ಮಾಡುತ್ತಾರೆ. ಒಬ್ಬಳ ಕೈಯಲ್ಲಿ ಸ್ಟಾಪ್‌ವಾಚು. ಇನ್ನೊಬ್ಬಳ ಮುಂದೆ ಎರಡು ಕಾರ್ಡುಗಳು. ಮೊದಲ ಕಾರ್ಡಿನಲ್ಲಿರುವುದು ಬರಿಯ ಬಣ್ಣದ ಚೌಕಗಳು; ಅವುಗಳ ಬಣ್ಣವನ್ನು ಅವಳು ಸಾಲುಸಾಲಾಗಿ ನಿರಾಯಾಸವಾಗಿ ಹೇಳಿ ಮುಗಿಸುತ್ತಾಳೆ. ಎರಡನೆಯದರಲ್ಲಿ 'ಕೆಂಪು' ಎಂಬ ಅಕ್ಷರಗಳು ಹಸಿರು ಮಸಿಯಲ್ಲಿಯೂ, 'ನೀಲಿ' ಎಂಬ ಅಕ್ಷರಗಳು ಕೆಂಪು ಮಸಿಯಲ್ಲಿಯೂ ಅಚ್ಚಾಗಿರುತ್ತವೆ. ಅಕ್ಷರವನ್ನು ಓದದೆ ಮಸಿಯ ಬಣ್ಣವನ್ನು ಮಾತ್ರ ಹೇಳಬೇಕು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಾಲಗೆ ತಡವರಿಸುತ್ತದೆ, 'ಹಸಿರು' ಎನ್ನಬೇಕಾದಲ್ಲಿ 'ಕೆಂ' ಎಂದು ಹೊರಟು ನಿಲ್ಲುತ್ತದೆ, ಕೋಣೆಯಲ್ಲಿ ನಗು ಏಳುತ್ತದೆ. ಸ್ಟ್ರೂಪ್ ಅವರ ಪ್ರಯೋಗದಲ್ಲಿ ನೂರು ಚೌಕಗಳ ಬಣ್ಣವನ್ನು ಹೇಳಲು ಸರಾಸರಿ 63 ಸೆಕೆಂಡು ಸಾಕಾಗಿದ್ದರೆ, ಬೇರೆ ಬಣ್ಣದ ಮಸಿಯಲ್ಲಿದ್ದ ನೂರು ಪದಗಳಿಗೆ 110 ಸೆಕೆಂಡು ಹಿಡಿದಿತ್ತು. ಓದುವ ಅಭ್ಯಾಸ ನಮ್ಮ ಇಚ್ಛೆಯನ್ನು ಕೇಳದೆಯೇ ಕೆಲಸಮಾಡುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ನಗು ನಿಂತ ಮೇಲೆ ಕಾಲವನ್ನೂ ತಪ್ಪುಗಳನ್ನೂ ಪಟ್ಟಿಮಾಡಿ, ತರಗತಿಯ ಎಲ್ಲರ ಅಂಕಿಗಳನ್ನು ಕೂಡಿ ಸರಾಸರಿ ತೆಗೆದು, ಪ್ರಯೋಗಕ್ಕೆ ಒಳಗಾದವಳು ತನಗೇನೆನಿಸಿತೆಂದು ಹೇಳಿದ್ದನ್ನೂ ಸೇರಿಸಿ ರೆಕಾರ್ಡ್ ಪುಸ್ತಕದಲ್ಲಿ ಬರೆದು ಅಧ್ಯಾಪಕರ ಸಹಿ ಪಡೆಯಬೇಕು. ಇದನ್ನು ಸುಲಭವೆನ್ನುವುದು ಹೇಗೆ?

ತಪ್ಪು ಕಲ್ಪನೆ 4: ಲೋಕಾನುಭವ ಇದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ

ಸತ್ಯ: ಲೋಕಾನುಭವ ಅಮೂಲ್ಯವಾದುದು, ಆದರೆ ಅದು ಒಂದೇ ಬಾಯಿಂದ ಪರಸ್ಪರ ವಿರುದ್ಧವಾದ ಮಾತುಗಳನ್ನು ಆಡುವುದೂ ಉಂಟು. ತಾಳಿದವನು ಬಾಳಿಯಾನು ಎಂದು ಒಂದು ದಿನ, ಗಾಳಿ ಬಂದಾಗ ತೂರಿಕೋ ಎಂದು ಮತ್ತೊಂದು ದಿನ ಅದು ಬುದ್ಧಿ ಹೇಳುತ್ತದೆ. ಯಾವುದು ಯಾವಾಗ ಸಲ್ಲುವುದೆಂಬುದನ್ನು ಪರೀಕ್ಷಿಸಿ ನೋಡಿದಲ್ಲದೆ ತಿಳಿಯದು. ಪರೀಕ್ಷೆಗೆ ಓದುವ ಕ್ರಮವನ್ನೇ ತೆಗೆದುಕೊಳ್ಳೋಣ. ಪಾಠವನ್ನು ಮತ್ತೆ ಮತ್ತೆ ಓದಿದರೆ ಮನಸ್ಸಿನಲ್ಲಿ ನಿಲ್ಲುತ್ತದೆಂಬುದು ಸಾಮಾನ್ಯರ ಗ್ರಹಿಕೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅವರು ವಿದ್ಯಾರ್ಥಿಗಳ ಒಂದು ಗುಂಪಿಗೆ ಗದ್ಯಭಾಗವನ್ನು ಎರಡು ಸಲ ಓದಲು ಬಿಟ್ಟರು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದುದನ್ನು ಬರೆಯಬೇಕಾಗಿತ್ತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮೇಲಾಗಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ ಫಲ ತಿರುವುಮುರುವಾಯಿತು. ಮುಚ್ಚಿ ನೆನಪಿಸಿಕೊಂಡವರು ಹೆಚ್ಚನ್ನು ಉಳಿಸಿಕೊಂಡಿದ್ದರು. ಮಕ್ಕಳು ಕಲಿತದ್ದನ್ನು ಪುಸ್ತಕವಿಲ್ಲದೆ ಒಪ್ಪಿಸಬೇಕೆಂದು ಕಡ್ಡಾಯಮಾಡುತ್ತಿದ್ದ ನಮ್ಮ ಹಳೆಯ ಮೇಷ್ಟರುಗಳ ಕ್ರಮಕ್ಕೆ ಹೀಗೆ ಸಮರ್ಥನೆ ದೊರೆಯಿತು. ಹಿರಿಯರ ಮಾತುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ಈ ಶಾಸ್ತ್ರ ವಿಂಗಡಿಸಿಕೊಡುತ್ತದೆ.

ಇದೇ ಕಟ್ಟುನಿಟ್ಟನ್ನು ಅದು ತನಗೂ ಅನ್ವಯಿಸಿಕೊಳ್ಳಬೇಕಾಯಿತು. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಮನಶ್ಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ ನೂರು ಅಧ್ಯಯನಗಳನ್ನು ಹೊಸದಾಗಿ ಮಾಡಿನೋಡಿತು. ಮೂಲದಲ್ಲಿ ಶೇಕಡಾ 97ರಷ್ಟು ಅಧ್ಯಯನಗಳು ಆಕಸ್ಮಿಕವೆಂದು ತಳ್ಳಿಹಾಕಲಾಗದ ಫಲವನ್ನು ವರದಿಮಾಡಿದ್ದರೆ, ಮರುಪ್ರಯೋಗದಲ್ಲಿ ಅಂಥ ಫಲ ಕಂಡದ್ದು ಶೇಕಡಾ 36ರಲ್ಲಿ ಮಾತ್ರ. ಆದುದರಿಂದ ಇಂದು ಪದವಿಗೆ ಸೇರುವವರು ಪಠ್ಯಪುಸ್ತಕದ ಪ್ರಸಿದ್ಧ ಪ್ರಯೋಗಗಳನ್ನು ಕೂಡ, ಎಷ್ಟು ಜನರ ಮೇಲೆ ನಡೆದವು, ಮತ್ತೆ ಮಾಡಿದವರಿಗೂ ಅದೇ ಫಲ ಸಿಕ್ಕಿತೇ ಎಂದು ಕೇಳಿಯೇ ಓದತಕ್ಕದ್ದು.

ತಪ್ಪು ಕಲ್ಪನೆ 5: ಇದು ಪಶ್ಚಿಮದ ಸರಕು, ನಮ್ಮ ನಾಡಿನಲ್ಲಿ ಇದಕ್ಕೆ ಬೇರಿಲ್ಲ

ಸತ್ಯ: ಪ್ರಯೋಗಾತ್ಮಕ ಮನಶ್ಶಾಸ್ತ್ರ ಯುರೋಪಿನಲ್ಲಿ ಹುಟ್ಟಿತೆಂಬುದು ನಿಜ, ಆದರೆ ಅದು ಕನ್ನಡನಾಡಿಗೆ ಬಂದು ನೂರು ವರ್ಷ ಕಳೆದಿದೆ. ಭಾರತದಲ್ಲಿ ಇದರ ಮೊದಲ ವಿಭಾಗ 1916ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅದಕ್ಕೆ ಪೂರ್ವದಲ್ಲಿಯೇ, 1905ರಲ್ಲಿ, ಅಲ್ಲಿ ಪಠ್ಯಕ್ರಮವನ್ನು ರೂಪಿಸಿಕೊಟ್ಟಿದ್ದ ಬ್ರಜೇಂದ್ರನಾಥ ಸೀಲ್ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿಯೇ, 1924ರಲ್ಲಿ, ಮೈಸೂರಿನಲ್ಲಿ ದೇಶದ ಎರಡನೆಯ ಮನಶ್ಶಾಸ್ತ್ರ ವಿಭಾಗ ಸ್ಥಾಪಿತವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ತರಬೇತಾದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು. ಫ್ರಾನ್ಸಿನ ಮಕ್ಕಳಿಗಾಗಿ ಆಲ್ಫ್ರೆಡ್ ಬಿನೆ ರಚಿಸಿದ್ದ ಬುದ್ಧಿಪರೀಕ್ಷೆಯ ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹಾಗೆಯೇ ಒಗ್ಗಲಾರವೆಂದು ಕಂಡುಕೊಂಡ ವಿ.ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿ, 1940ರಲ್ಲಿ ಅದರ ಮೇಲೆ ಗ್ರಂಥವನ್ನೇ ಪ್ರಕಟಿಸಿದರು. ಇನ್ನು ಸಾಹಿತ್ಯದಲ್ಲಿ, 'ರಾಶಿ' ಎಂದು ನಗೆಬರಹಗಳಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ಮನಸ್ಸನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ತಪ್ಪು ಕಲ್ಪನೆ 6: ಪದವಿ ದೊರೆತೊಡನೆ ಚಿಕಿತ್ಸೆ ನೀಡಬಹುದು

ಸತ್ಯ: ಎಲ್ಲಕ್ಕಿಂತ ಅಪಾಯಕಾರಿಯಾದ ಭ್ರಮೆ ಇದು. ರಸಾಯನಶಾಸ್ತ್ರದ ಪದವೀಧರನು ಔಷಧವನ್ನು ಬರೆದುಕೊಡಲಾಗದಂತೆ, ಮನಶ್ಶಾಸ್ತ್ರದ ಪದವೀಧರನು ಮನೋರೋಗಕ್ಕೆ ಚಿಕಿತ್ಸೆ ನಡೆಸಲಾಗದು. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಆ ಮೇಲೆ ಮನೋವೈದ್ಯಶಾಸ್ತ್ರದಲ್ಲಿ ವಿಶೇಷ ವ್ಯಾಸಂಗ ಮಾಡಿದ ವೈದ್ಯರು. ಮಾತ್ರೆ ಬರೆಯುವ ಅಧಿಕಾರ ಅವರದು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ಮಾರ್ಗ ಬೇರೆ: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆ ಪಡೆದ ವಿದ್ಯಾರ್ಹತೆ ಇರಬೇಕು. ಬಹುಕಾಲದಿಂದ ನಡೆದುಬಂದ ಕ್ರಮವೆಂದರೆ ಪದವಿ, ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗ, ಅದರ ಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಕಣ್ಗಾವಲಿನಲ್ಲಿ ಎರಡು ವರ್ಷದ ಎಂ.ಫಿಲ್. ಶಿಕ್ಷಣ. ಈ ಪಾಠಕ್ರಮಗಳ ಸ್ವರೂಪ ಇದೀಗ ಬದಲಾಗುತ್ತಿರುವುದರಿಂದ, ಸೇರುವ ವರ್ಷದ ನಿಯಮವನ್ನು ಪರಿಷತ್ತಿನ ಪ್ರಕಟಣೆಗಳಲ್ಲಿಯೇ ನೋಡಿಕೊಳ್ಳುವುದು ಲೇಸು. ಮನೆಯಲ್ಲಿಯೇ ಕುಳಿತು ಅಂಚೆಯ ಮೂಲಕ ಓದಿ ಮುಗಿಸಬಹುದೆಂಬ ಎಣಿಕೆಯೂ ಇನ್ನು ನಡೆಯದು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆಯನ್ನು ಅನುಸರಿಸಿ, 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬೋಧಿಸಬಾರದೆಂದು ಯುಜಿಸಿ ವಿಧಿಸಿದೆ.

ತಪ್ಪು ಕಲ್ಪನೆ 7: ಇದರಿಂದ ಹೊಟ್ಟೆ ತುಂಬುವುದಿಲ್ಲ

ಸತ್ಯ: ಬರಿಯ ಪದವಿಯಿಂದ ದೊರೆಯುವ ಕೆಲಸಗಳು ಇತರ ಬಿ.ಎ. ಪದವೀಧರರಿಗೆ ದೊರೆಯುವಂಥವೇ: ಕಚೇರಿಯ ಸಿಬ್ಬಂದಿ ವಿಭಾಗ, ಸಮೀಕ್ಷೆಯ ಸಂಸ್ಥೆ, ವಿಶೇಷ ಮಕ್ಕಳ ಶಾಲೆಯ ಸಹಾಯಕ ಕೆಲಸ. ಬಿ.ಎಡ್., ಸಮಾಜಕಾರ್ಯ, ಮಾನವ ಸಂಪನ್ಮೂಲ ಮೊದಲಾದ ಮುಂದಿನ ವ್ಯಾಸಂಗಗಳಿಗೆ ಹಾದಿಯುಂಟು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಮನಶ್ಶಾಸ್ತ್ರ ಐಚ್ಛಿಕ ವಿಷಯವೂ ಹೌದು. ಮೂರು ವರ್ಷಕ್ಕೇ ದೊಡ್ಡ ಸಂಬಳ ಕೈಗೆ ಬರುವುದೆಂದು ಆಸೆ ತೋರಿಸುವ ಜಾಹೀರಾತನ್ನೂ, ಏನೂ ಬಾರದೆಂದು ಹೆದರಿಸುವ ನೆಂಟರನ್ನೂ ಸಮವಾಗಿ ದೂರವಿಡುವುದು ವಿವೇಕ.

ತಪ್ಪು ಕಲ್ಪನೆ 8: ತಮ್ಮ ಮನಸ್ಸಿನ ವ್ಯಥೆಯನ್ನು ನೀಗಿಕೊಳ್ಳಲು ಇದನ್ನು ಓದಬೇಕು

ಸತ್ಯ: ವ್ಯಥೆ ಇದ್ದವರು ಈ ವಿಷಯವನ್ನು ಓದಬಾರದೆಂದಿಲ್ಲ, ಆದರೆ ತರಗತಿ ಚಿಕಿತ್ಸಾಲಯವಲ್ಲ, ಅಧ್ಯಾಪಕರು ವೈದ್ಯರೂ ಅಲ್ಲ. ರೋಗಲಕ್ಷಣಗಳ ಪಟ್ಟಿಯನ್ನು ಓದುತ್ತಿದ್ದಂತೆ ಒಂದೊಂದೂ ತನ್ನಲ್ಲಿಯೇ ಇರುವಂತೆ ತೋರುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ನಿಜವಾದ ನೆರವು ಬೇಕಾದವರು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಬಹುದು. ಅದು ಉಚಿತ, ಹಗಲಿರುಳೂ ಲಭ್ಯ.

ಆದುದರಿಂದ ಈ ಪದವಿಯನ್ನು ಆರಿಸುವವರಿಗೂ ಅವರ ತಂದೆತಾಯಿಗಳಿಗೂ ಹೇಳಬೇಕಾದದ್ದು ಇಷ್ಟು. ಪ್ರವೇಶಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿ, ಪ್ರಯೋಗಶಾಲೆ ಎಲ್ಲಿದೆಯೆಂದು ಕೇಳಿ ಅದರ ಬಾಗಿಲನ್ನು ತೆಗೆಯಿಸಿ ನೋಡಿರಿ. ವಾರಕ್ಕೆ ಎಷ್ಟು ಗಂಟೆ ಪ್ರಯೋಗ ನಡೆಯುತ್ತದೆ, ಸಂಖ್ಯಾಶಾಸ್ತ್ರವನ್ನು ಯಾರು ಕಲಿಸುತ್ತಾರೆ, ಕಳೆದ ವರ್ಷದ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳು ಹೇಗಿವೆ ಎಂದು ವಿಚಾರಿಸಿರಿ. ಚಿಕಿತ್ಸೆಯ ವೃತ್ತಿಯೇ ಗುರಿಯಾಗಿದ್ದರೆ ಮೂರು ವರ್ಷವನ್ನಲ್ಲ, ಏಳು ವರ್ಷವನ್ನು ಲೆಕ್ಕಹಾಕಿ ಹೊರಡಿರಿ. ತನ್ನ ಊಹೆಯನ್ನೇ ಪರೀಕ್ಷೆಗೆ ಒಡ್ಡಲು ಸಿದ್ಧವಿರುವ ವಿದ್ಯಾರ್ಥಿಗೆ ಇದು ಉತ್ತಮವಾದ ವಿದ್ಯೆ. ಪರರನ್ನು ಅಳೆದು ತೀರ್ಪುಕೊಡುವ ಆಸೆಯಿಂದ ಬರುವವರು ಬೇರೆ ವಿಷಯವನ್ನು ಹಿಡಿಯುವುದೇ ಮೇಲು.